ಬಕಾಸುರನ ನೀರು, ಅಮ್ಮನ ಹೆಪ್ಪು

ನಮ್ಮನೆ ಹಾಲ್‌ನಲ್ಲಿರುವ ಮೀನಿಗೆ ಬಕಾಸುರ ಅಂತ ಹೆಸರಿಟ್ಟವರು ಅಮ್ಮ. ಜಾತಿ ಆಸ್ಕರ್, ಮೂಲ ಅಮೆಜಾನ್ ಕಡೆ. ತಂದಾಗ ಮೂರು ಇಂಚು, ಬೆಳೆದರೆ ಒಂದಡಿ. ಬಾಯಲ್ಲಿ ಹಿಡಿಸುವ ಮೀನೆಲ್ಲ ಅವನಿಗೆ ಊಟವೇ. ಹಾಗಾಗಿ ಟ್ಯಾಂಕಲ್ಲಿ ಒಬ್ಬನೇ ಇದ್ದಾನೆ.

ಟ್ಯಾಂಕ್ ತಂದ ದಿನವೇ ಮೀನನ್ನೂ ತಂದಿದ್ದು ನನ್ನ ತಪ್ಪು. ಮೊದಲು ಮೀನಿಲ್ಲದ ಟ್ಯಾಂಕನ್ನು ಸೈಕಲ್ ಮಾಡಬೇಕು, ಅಂದರೆ ನೀರಿನ ವಿಷ ಕಳೆಯೋ ಬ್ಯಾಕ್ಟೀರಿಯಾ ಬೆಳೆಸಿಕೊಳ್ಳಬೇಕು ಅನ್ನೋದೇ ಗೊತ್ತಿರಲಿಲ್ಲ. ಅಂಗಡಿಯವರು ಬೇರೆ, "ಒಂದು ತಿಂಗಳು ನೀರು ಮುಟ್ಟಬೇಡಿ ಸಾರ್, ಒಳ್ಳೆ ಬ್ಯಾಕ್ಟೀರಿಯಾ ಹೋಗ್ಬಿಡುತ್ತೆ" ಅಂದಿದ್ದರು. ನಂಬಿದೆ.

ಆರನೇ ದಿನ ಬಕ ಊಟ ಬಿಟ್ಟ. ರೆಕ್ಕೆ ಮುದುರಿಕೊಂಡು, ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದ. ಓಡಿಹೋಗಿ ಟೆಸ್ಟ್ ಕಿಟ್ ತಂದೆ. ಗಾಜಿನ ಟ್ಯೂಬಿಗೆ 5 ಎಂಎಲ್ ನೀರು, ಎರಡು ಬಾಟಲಿಯಿಂದ ಎಂಟೆಂಟು ಹನಿ, ಐದು ನಿಮಿಷ ಕಾಯೋದು. ಅಮೋನಿಯಾ ಇಲ್ಲದಿದ್ದರೆ ನಿಂಬೆಹಣ್ಣಿನ ಹಳದಿ ಬರಬೇಕು. ನನಗೆ ಬಂದಿದ್ದು ಮಾವಿನೆಲೆ ಹಸಿರು. 2 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಎರಡು ಪಾಲು!

ಸೀಗಡಿ ತಿನ್ನೋ ಮೀನು, ಅಮೋನಿಯಾ ಬಿಡದೆ ಇರುತ್ತದಾ? ಅದನ್ನು ನೈಟ್ರೈಟ್ ಮಾಡೋಕೆ ಒಂದು ಬಗೆಯ ಬ್ಯಾಕ್ಟೀರಿಯಾ ಬೇಕು, ನೈಟ್ರೈಟನ್ನು ನೈಟ್ರೇಟ್ ಮಾಡೋಕೆ ಇನ್ನೊಂದು. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟನ್ನು ಸುಮಾರಾಗಿ ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ಆದರೆ ಅವು ಇರೋದು ನೀರಲ್ಲಲ್ಲ! ಫಿಲ್ಟರ್ ಸ್ಪಾಂಜಿಗೆ, ಕಲ್ಲಿಗೆ, ಗಾಜಿಗೆ ಅಂಟಿಕೊಂಡಿರುತ್ತವೆ. ನೀರು ಚೆಲ್ಲಿದರೆ ಹೋಗೋದು ವಿಷ ಮಾತ್ರ. ಸಾರಿಗೆ ಉಪ್ಪು ಜಾಸ್ತಿಯಾದಾಗ ಅರ್ಧ ಬಗ್ಗಿಸಿ ನೀರು ಬೆರೆಸಿದ ಹಾಗೆ. 2 ಇದ್ದದ್ದು 1 ಆಗುತ್ತದೆ, ಅಷ್ಟೇ ಲೆಕ್ಕ.

ಅವತ್ತಿಂದ ಶುರುವಾಯಿತು ನೋಡಿ ನನ್ನ ಬಕೆಟ್ ಸೇವೆ. 20 ಲೀಟರಿನ ಹಳೇ ಪೇಂಟ್ ಬಕೆಟ್, ದಿನಾ ಐದು ಸಲ. ಟ್ಯಾಂಕಿನ ಹೆಚ್ಚುಕಡಿಮೆ ಅರ್ಧ ನೀರು. ನಲ್ಲಿ ನೀರನ್ನು ಹಿಂದಿನ ರಾತ್ರಿಯೇ ಹಿಡಿದಿಟ್ಟು, ಕ್ಲೋರಿನ್ ಹೋಗಲಿ ಅಂತ ಆಂಟಿ-ಕ್ಲೋರಿನ್ ಹನಿ ಬೆರೆಸುತ್ತಿದ್ದೆ. ಬಕನ ಊಟವನ್ನೂ ದಿನ ಬಿಟ್ಟು ದಿನಕ್ಕೆ ಇಳಿಸಿದೆ. ಚೆಲ್ಲುವ ನೀರು ಕರಿಬೇವಿನ ಗಿಡಕ್ಕೆ. ಆ ಗಿಡ ಅಷ್ಟು ಚಿಗುರಿದ್ದು ನಾನು ನೋಡೇ ಇಲ್ಲ.

ಮೂರನೇ ವಾರ ಅಮೋನಿಯಾ ಇಳಿಯಿತು. ನೈಟ್ರೈಟ್ ಟ್ಯೂಬ್ ನೇರಳೆ ಬಣ್ಣಕ್ಕೆ ತಿರುಗಿತು. ಅಂದರೆ ಮೊದಲ ಬ್ಯಾಕ್ಟೀರಿಯಾ ಕೆಲಸಕ್ಕೆ ಕೂತಿದೆ ಅಂತ. ಬಕೆಟ್ ಬಿಡಲಿಲ್ಲ, ಆದರೆ ಮನಸ್ಸಿಗೆ ಖುಷಿಯಾಯಿತು.

ಆ ಶನಿವಾರ ಆಫೀಸಿಂದ ಬಂದರೆ ಬಟ್ಟೆ ಒಣಹಾಕುವ ತಂತಿಯ ಮೇಲೆ, ನನ್ನ ಬನಿಯನ್ ಪಕ್ಕದಲ್ಲಿ, ಫಿಲ್ಟರ್ ಸ್ಪಾಂಜು. ಬಿಸಿಲಿಗೆ ಗರಿಗರಿ ಒಣಗಿದೆ. ಎರಡು ಕ್ಲಿಪ್ ಬೇರೆ.

"ಎಷ್ಟು ಲೋಳೆ ಕಟ್ಟಿತ್ತು ಕಣೋ! ನಲ್ಲಿ ಕೆಳಗೆ ಹಿಂಡಿ ಹಿಂಡಿ ತೊಳೆದೆ" ಅಂದರು ಅಮ್ಮ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮೂರು ವಾರದ ಬಕೆಟ್ ಸೇವೆ! ಆ ಲೋಳೆಯೇ ಕಣಮ್ಮಾ ಹೆಪ್ಪು, ಅದಿಲ್ಲದೆ ಏನೂ ಆಗಲ್ಲ ಅಂದೆ. ಅಮ್ಮ ಒಂದು ನಿಮಿಷ ಸುಮ್ಮನಿದ್ದರು. "ಹೆಪ್ಪು ಅಂತ ಮೊದಲೇ ಹೇಳಬಾರದಾ? ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾ ಅಂತೀಯ. ಹೆಪ್ಪು ತಪ್ಪಿದರೆ ಪಕ್ಕದ ಮನೆಯಿಂದ ಈಸ್ಕೊಂಡು ಬರ್ತಾರಪ್ಪ."

ಸರಿ ಅಲ್ವಾ! ಎರಡು ವರ್ಷದಿಂದ ಟ್ಯಾಂಕ್ ಇಟ್ಟಿರೋ ಗೆಳೆಯನಿಗೆ ಫೋನ್ ಮಾಡಿದೆ. ಅವನು ತನ್ನ ಸ್ಪಾಂಜನ್ನು ಅರ್ಧ ಕತ್ತರಿಸಿ, ಒಣಗದ ಹಾಗೆ ಟ್ಯಾಂಕ್ ನೀರಿನ ಜೊತೆಗೇ ಕವರಲ್ಲಿ ಕಟ್ಟಿಕೊಟ್ಟ. ಸೀದಾ ತಂದು ನನ್ನ ಫಿಲ್ಟರಿಗೆ ತುರುಕಿದೆ. ಹತ್ತು ದಿನದಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20. ಈಗ ಬಕೆಟ್ ಸೇವೆ ಭಾನುವಾರ ಮಾತ್ರ. ಸ್ಪಾಂಜು ಕೊಳೆಯಾದರೆ ಅದೇ ಟ್ಯಾಂಕಿಂದ ತೆಗೆದ ನೀರಲ್ಲಿ ಒಂದೆರಡು ಸಲ ಅದ್ದಿ ಹಿಂಡೋದು, ಅಷ್ಟೇ.

ಮೊನ್ನೆ ಮೇಲಿನ ಮನೆ ಹುಡುಗ ಹೊಸ ಟ್ಯಾಂಕ್ ತಂದಿದ್ದ. ಒಂದು ತುಂಡು ಸ್ಪಾಂಜು ಕೇಳಿಕೊಂಡು ಏಳು ಗಂಟೆಗೆ ಬಾಗಿಲಿಗೆ ಬಂದ. ನಾನು ಕತ್ತರಿ ಹುಡುಕುತ್ತಿದ್ದೆ. ಒಳಗಿಂದ ಅಮ್ಮ ಕೂಗಿದರು: "ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು. ಬೆಳಿಗ್ಗೆ ಬರೋಕೆ ಹೇಳು."