ಜಗಲಿಯ ಹಸೆ ಗೋಡೆ: ಆಶ್ಲೇಷದಿಂದ ಹಸ್ತದವರೆಗೆ

ಸಾಗರ ತಾಲ್ಲೂಕಿನ ನಮ್ಮ ಹೈಸ್ಕೂಲಿನ ಜಗಲಿ ಗೋಡೆಗೆ ಹಸೆ ಚಿತ್ತಾರ, ಅಂದರೆ ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ರ, ಬರೆಸುವ ಕೆಲಸ ಹಿಡಿದು ಎರಡು ತಿಂಗಳಾಯಿತು. ಗೋಡೆ 9 ಅಡಿ ಅಗಲ, 5 ಅಡಿ ಎತ್ತರ. ಎಂಟು ಮತ್ತು ಒಂಬತ್ತನೇ ತರಗತಿಯ 14 ಮಕ್ಕಳು. ಬ್ಯಾಗಿಲ್ಲದ ಶನಿವಾರ, ಉಳಿದ ದಿನ ಸಂಜೆಯ ಮುಕ್ಕಾಲು ಗಂಟೆ, ಇಷ್ಟೇ ಸಿಕ್ಕ ಹೊತ್ತು.

ಆಶ್ಲೇಷ ಮಳೆ

ಶುರು ಮಾಡಿದ್ದು ತಪ್ಪಾಗಿ. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡಿ ರೂಢಿಯಾದವನು ನಾನು. ಒಂದು ಹಸೆಯ ಫೋಟೋ ದೊಡ್ಡದು ಮಾಡಿಸಿ, ಅದರ ಮೇಲೆ ಚೌಕುಳಿ ಹಾಕಿ, ಗೋಡೆಗೂ ಚೌಕುಳಿ ಎಳೆಸಿ, ಸ್ಕೇಲು ಪೆನ್ಸಿಲ್ ಕೊಟ್ಟೆ. ಬಣ್ಣ ಪೋಸ್ಟರ್ ಕಲರ್. ಎರಡು ವಾರದಲ್ಲಿ ಕಾಲು ಭಾಗ ಆಯಿತು. ಅಳತೆ ಎಲ್ಲ ಸರಿಯಿತ್ತು, ನೋಡಿದರೆ ಬಾತ್‌ರೂಮ್ ಟೈಲ್ಸಿನ ಹಾಗೆ ಕಾಣುತ್ತಿತ್ತು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯನ್ನು ಕರೆದುಕೊಂಡು ಬಂದಳು. ಹಸೆ ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳ ಕಲೆ. ಮದುವೆ ಮನೆಯಲ್ಲಿ ಹಸೆಗೋಡೆ ಬರೆಯುವವರು ಇಂಥ ಅಜ್ಜಿಯರೇ. ಅವರು ಚಿತ್ರ ನೋಡುವ ಮೊದಲು ಹೆಬ್ಬೆರಳಿನಿಂದ ಗೋಡೆ ಉಜ್ಜಿದರು.

"ಇದ್ಕೆ ಹಿಟ್ಟು ಹಿಡಿಯಲ್ಲ ಮೇಷ್ಟ್ರೇ. ಮಣ್ಣು ಬಳೀಬೇಕು. ಮತ್ತೆ ಈ ಪೆನ್ಸಿಲ್ ಯಾಕೆ? ಅದ್ರ ಮೇಲೆ ಬರೆದ್ರೆ ಎರಡೆರಡು ಗೆರೆ ಕಾಣ್ತವೆ."

ಅಂದೇ ಡಿಸ್ಟೆಂಪರ್ ಕೆರೆಯಲು ಶುರು ಮಾಡಿದೆವು.

ಮಘೆ ಮಳೆ

ಶಾಲೆಯ ಹಿಂದಿನ ದರೆಯಿಂದ ಕೆಮ್ಮಣ್ಣು ತಂದು, ಜರಡಿ ಹಿಡಿದು, ಸಗಣಿ ಸೇರಿಸಿ ಎರಡು ಸಲ ಬಳಿದಿದ್ದಾಯಿತು. ಮಳೆ ಬಿಡಲೇ ಇಲ್ಲ. ಒಣಗಲು ಆರು ದಿನ ಬೇಕಾಯಿತು. ಆ ಆರು ದಿನದಲ್ಲಿ ಬಣ್ಣ, ಕುಂಚ ಮಾಡಿಕೊಂಡೆವು. ಬಿಳಿಗೆ ಅಕ್ಕಿ ನೆನೆಹಾಕಿ ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸಿದ್ದು. ಕಪ್ಪಿಗೆ ಅಕ್ಕಿಯನ್ನೇ ಇದ್ದಿಲಾಗುವವರೆಗೆ ಹುರಿಯಬೇಕು. ಬಿಸಿಯೂಟದ ಅಕ್ಕಂದಿರು ಊಟದ ಕೆಲಸ ಮುಗಿದ ಮೇಲೆ ಒಲೆ ಬಿಟ್ಟುಕೊಟ್ಟರು. ಅಡುಗೆ ಕೋಣೆ ತುಂಬ ಹೊಗೆಯಾಯಿತು, ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ. ಹಳದಿ ಬರುವುದು ಗುರಿಗೆ ಕಾಯಿಯಿಂದ. ಅದು ಸಿಗಲಿಲ್ಲ, ಹಾಗಾಗಿ ಈ ಗೋಡೆಯಲ್ಲಿ ಹಳದಿ ಇಲ್ಲ. ಅಂಗಡಿಯ ಹಳದಿ ಹಾಕುವುದು ಬೇಡವೆಂದು ಮಕ್ಕಳೇ ತೀರ್ಮಾನಿಸಿದರು.

ಕುಂಚ ಪುಂಡಿ ನಾರಿನದು. ತುದಿ ಜಜ್ಜಿ ಎಳೆಎಳೆ ಮಾಡಿದರೆ ಆಯಿತು. ಎಷ್ಟು ಜಜ್ಜಬೇಕು ಎನ್ನುವುದರಲ್ಲಿ ಇದೆ ಎಲ್ಲ. ಹೆಚ್ಚು ಜಜ್ಜಿದರೆ ಹಿಟ್ಟು ಸೋರುತ್ತದೆ, ಕಡಿಮೆಯಾದರೆ ಗೆರೆ ನಡುವೆ ತುಂಡಾಗುತ್ತದೆ. ಮೂವತ್ತು ಕುಂಚ ಮಾಡಿದೆವು, ಕೆಲಸಕ್ಕೆ ಬಂದದ್ದು ಹನ್ನೊಂದು.

ಹುಬ್ಬೆ ಮಳೆ

ಈ ಎರಡು ವಾರದ್ದನ್ನು ಸ್ವಲ್ಪ ಬಿಡಿಸಿ ಬರೆಯಬೇಕು.

ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಹೂಜಿ, ಲೋಟ, ಬಾಳೆಹಣ್ಣು ಇಟ್ಟು ನೋಡಿ ಬರೆಯಲು ಹೇಳಿದರೆ ಹಾಳೆಯ ಮೂಲೆಯಲ್ಲಿ ಚಿಕ್ಕದೊಂದು ಬರೆದು ಕೂರುತ್ತಾನೆ. ನಾನು ಅವನಿಗೆ ಕೊಟ್ಟ ಅಂಕ ಯಾವತ್ತೂ ಕಡಿಮೆಯೇ. ಗೋಡೆ ಕೆಲಸಕ್ಕೆ ಅವನು ಬಂದದ್ದು ನೀರು ಹೊರಲು. ಅಜ್ಜಿ ಎಳೆ (ಚಿತ್ತಾರದ ಗೆರೆ) ಹಾಕುವಾಗ ಹಿಟ್ಟಿನ ಬಟ್ಟಲು ಹಿಡಿದುಕೊಂಡು ನಿಂತವನು, ಅವರು ಕೇಳುವ ಮೊದಲೇ ಬಟ್ಟಲನ್ನು ಬೇಕಾದ ಕಡೆಗೆ ಸರಿಸುತ್ತಿದ್ದ. ಅಜ್ಜಿ ತಿರುಗಿ ನೋಡಿ, "ಯಾರ ಮನೆ ಹುಡ್ಗನೋ ನೀನು?" ಎಂದರು. ಮನೆಯಲ್ಲಿ ಅಮ್ಮ ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ಬರೆಯುವಾಗ ಬಟ್ಟಲು ಹಿಡಿಯುವುದು ಇವನದೇ ಕೆಲಸವಂತೆ. ಅಜ್ಜಿ ಕುಂಚ ಅವನ ಕೈಗೆ ಕೊಟ್ಟರು. ಮೂರು ಅಡಿ ಉದ್ದದ ಜೋಡಿ ಎಳೆ, ಸ್ಕೇಲಿಲ್ಲದೆ, ಎಲ್ಲೂ ನಿಲ್ಲಿಸದೆ ಎಳೆದ. ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ.

ಆರು ವರ್ಷದಿಂದ ಈ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೇನೆ. ಮಕ್ಕಳಿಗೆ ಮನೆಯಲ್ಲಿ ಏನು ಬರೆಯಲು ಬರುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಈಗ ಕೇಳಿದ್ದೇನೆ. 14 ಮಕ್ಕಳಲ್ಲಿ 9 ಜನರ ಮನೆಯಲ್ಲಿ ಯಾರೋ ಒಬ್ಬರಿಗೆ ಹಸೆಯೋ ಬುಟ್ಟಿಯೋ ಬರೆಯುವ ಅಭ್ಯಾಸವಿದೆ.

ಇದೇ ವಾರ ಬಿಳಿ ಎಳೆಗಳ ಮೇಲೆ ಬೂಸಲು ಬಂತು. ಅಕ್ಕಿ ಹಿಟ್ಟು, ಹಸಿ ಗೋಡೆ, ಮಲೆನಾಡಿನ ಥಂಡಿ, ಬಾರದೆ ಏನು? ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಹಿರಿಯರೊಬ್ಬರು ಕಾಳಜಿಯಿಂದಲೇ ಹೇಳಿದರು: "ಎನಾಮಲ್ ಪೇಂಟ್ ಹಾಕ್ಸಿ ಸರ್, ಹತ್ತು ವರ್ಷ ಅಲ್ಲಾಡಲ್ಲ." ಒಂದು ರಾತ್ರಿ ಯೋಚಿಸಿದೆ, ಬೇಡವೆಂದು ಗಟ್ಟಿ ಮಾಡಿಕೊಂಡೆ. ಹತ್ತು ವರ್ಷ ಅಲ್ಲಾಡದ ಗೋಡೆಯಲ್ಲಿ ಮುಂದಿನ ವರ್ಷದ ಮಕ್ಕಳಿಗೆ ಬರೆಯಲು ಜಾಗವೇ ಇರುವುದಿಲ್ಲ. ಮನೆಯ ಗೋಡೆಯನ್ನೂ ಸಾರಿಸಿ ಮತ್ತೆ ಬರೆಯುತ್ತಾರೆ, ಅದಕ್ಕೇ ಈ ಕಲೆ ಅಮ್ಮನಿಂದ ಮಗಳಿಗೆ ಬಂದಿದೆ. ಬೂಸಲು ಹಿಡಿದ ಭಾಗವನ್ನು ಒರೆಸಿ, ಮಣ್ಣು ಬಳಿದು ಮತ್ತೆ ಬರೆದೆವು. ಹಿಟ್ಟು ಅವತ್ತಿನದು ಅವತ್ತಿಗೇ ಅರೆಯುವುದೆಂದು ನಿಯಮ ಮಾಡಿಕೊಂಡೆವು. ಹಳೆಯ ಹಿಟ್ಟಿನ ಭಾಗವೇ ಮೊದಲು ಕೆಟ್ಟಿತ್ತು.

ಉತ್ತರೆ ಮಳೆ

ನಡುವಿನ ಭಾಗ ಮುಗಿಯಿತು. ಅಂಚು ಮೂಲೆಯಲ್ಲಿ ಕೂಡದೆ ಅರ್ಧ ಮನೆ (ಚಿತ್ತಾರದ ಚೌಕ) ಹೆಚ್ಚಾಗಿ ಒಮ್ಮೆ ಅಳಿಸಿದೆವು. ನಾಲ್ಕು ಮೂಲೆ ಮೊದಲು ಕಟ್ಟಿಕೊಂಡು ನಡುವಿಗೆ ಬರಬೇಕು ಎಂದು ಅಜ್ಜಿ ಹೇಳಿದ ಮೇಲೆ ಕೂಡಿತು.

ಕಂದು ಬಣ್ಣಕ್ಕೆ ಅಡಿಕೆ ಚೊಗರು (ಅಡಿಕೆ ಬೇಯಿಸಿದಾಗ ಸಿಗುವ ರಸ) ಹಾಕಿ ನೋಡೋಣ ಎಂದದ್ದು ತೋಟದ ಮನೆಯ ಹುಡುಗಿ. ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ಚರಕದಲ್ಲಿ ಬಟ್ಟೆಗೆ ಚೊಗರಿನ ಬಣ್ಣ ಹಾಕುವುದನ್ನು ಅವಳು ನೋಡಿದ್ದಳು. ಈ ವರ್ಷದ ಕೊಯ್ಲು ಇನ್ನೂ ಶುರುವಾಗದ್ದರಿಂದ ಹೋದ ವರ್ಷದ್ದನ್ನೇ ಡಬ್ಬಿಯಲ್ಲಿ ತಂದಳು. ಬಣ್ಣ ಬಹಳ ಚೆನ್ನಾಗಿ ಬಂತು, ಆದರೆ ಥಂಡಿಗೆ ಪಕ್ಕದ ಬಿಳಿಗೆ ಹರಿಯಿತು. ಬೇಸಿಗೆಯಲ್ಲಿ ಮತ್ತೆ ನೋಡಬೇಕು.

ಹಸ್ತ ಮಳೆ

ಈ ಸಲ ಭೂಮಿ ಹುಣ್ಣಿಮೆ ದಸರಾ ರಜೆಯೊಳಗೇ ಬಂತು. ಬತ್ತ ಹೊಡೆ ತುಂಬಿ ನಿಂತಿರುವ ಹೊತ್ತು. ಬಸುರಿ ಭೂಮಿಗೆ ಬಯಕೆ ಊಟ ಬಡಿಸುವ ಹಬ್ಬ. ಆ ಅಡುಗೆಯನ್ನು ಗದ್ದೆಗೆ ಒಯ್ಯುವ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಅಜ್ಜಿಯ ಮನೆಯಲ್ಲಿ ವಿಜಯದಶಮಿಗೆ ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಾರೆ, ಉಳಿದ ದಿನಗಳಲ್ಲಿ ಚಿತ್ತಾರ. ರಜೆಯಾದರೂ ಏಳು ಮಕ್ಕಳು ಅವರ ಜಗಲಿಗೆ ಬಂದರು. ಬತ್ತದ ಸಸಿ, ಅಡಿಕೆ ಮರ, ಏಣಿ, ಗೊಂಬೆ ಸಾಲು. ಗೋಡೆಯಲ್ಲಿ ಸಲೀಸಾಗಿ ಬರುತ್ತಿದ್ದ ಎಳೆ ಬುಟ್ಟಿಯ ಉಬ್ಬಿನಲ್ಲಿ ಜಾರುತ್ತದೆ. ಬುಟ್ಟಿ ತಿರುಗಿಸಬೇಕು, ಕೈ ನಿಂತಲ್ಲೇ ಇರಬೇಕು. ಇದನ್ನು ಹೇಳಿಕೊಟ್ಟವನು ಆ ಎಂಟನೇ ತರಗತಿಯ ಹುಡುಗ. ನಾನೂ ಅವನ ಪಕ್ಕ ಕೂತು ಒಂದು ಚಿಕ್ಕ ಬುಟ್ಟಿ ಬರೆದೆ.

ಗೋಡೆಯಲ್ಲಿ ಬಲಗಡೆಯ ಎರಡು ಅಡಿ ಬಾಕಿ ಇದೆ. ರಜೆ ಮುಗಿಯುವ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ, ಮಣ್ಣು ಎರಡೇ ದಿನಕ್ಕೆ ಒಣಗೀತು. ಆ ಭಾಗಕ್ಕೆ ಏನು ಬರೆಯುವುದೆಂದು ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರುತ್ತಾರೆ.