ಜಾಹೀರಾತು ಹಾರಿಸಲು ಹೋಗಿ ಧಾರಾವಾಹಿ ಕತ್ತರಿಸಬೇಡಿ

ಕಂಪ್ಯೂಟರಿಗೆ ಡಿಶ್ ಸಿಗ್ನಲ್ ಹಿಡಿಯುವ ಕಾರ್ಡ್ ಹಾಕಿ, ಟಿವಿಹೆಡೆಂಡ್ ಎಂಬ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ, ಕಾಮ್‌ಸ್ಕಿಪ್ ಎಂಬ ತಂತ್ರಾಂಶದಿಂದ ಜಾಹೀರಾತು ಗುರುತಿಸಿ, ಕೋಡಿ ಎಂಬ ಪ್ಲೇಯರಿನಲ್ಲಿ ನೋಡುವ ವ್ಯವಸ್ಥೆಯನ್ನು ಕಲಬುರಗಿಯ ಮನೆಗಳಿಗೆ ಕೂಡಿಸಿಕೊಡುವುದು ನಮ್ಮ ಕೆಲಸ. ಬರುವ ದೂರು ಹೆಚ್ಚಾಗಿ ಒಂದೇ: "ಕೊನೀ ಸೀನೇ ಕಾಣ್ಲಿಲ್ರೀ." ಜಾಹೀರಾತು ಉಳಿದರೆ ಯಾರೂ ಫೋನ್ ಮಾಡುವುದಿಲ್ಲ, ಕಥೆ ಹೋದರೆ ಮಾಡುತ್ತಾರೆ. ಎಲ್ಲ ಸೆಟ್ಟಿಂಗೂ ಈ ಲೆಕ್ಕದ ಮೇಲೇ ಇರಬೇಕು.

ಮೊದಲನೆಯದಾಗಿ, ವಿಡಿಯೊ ಫೈಲನ್ನು ಕತ್ತರಿಸಲೇಬೇಡಿ, ಗುರುತು ಮಾತ್ರ ಹಾಕಿ. ಕಾಮ್‌ಸ್ಕಿಪ್ ಬರೆಯುವ ಇಡಿಎಲ್ ಫೈಲ್ ಬರೀ ಪಠ್ಯ. ಒಂದು ಸಾಲಿಗೆ ಮೂರು ಅಂಕಿ: ಆರಂಭದ ಸೆಕೆಂಡು, ಮುಗಿಯುವ ಸೆಕೆಂಡು, ಏನು ಮಾಡಬೇಕು ಎಂಬುದು. ಉದಾಹರಣೆಗೆ 612.40 798.20 3. ಕೊನೆಯ ಅಂಕಿ 0 ಇದ್ದರೆ ಕೋಡಿ ಆ ಭಾಗವನ್ನು ಪೂರ್ತಿ ಮರೆಮಾಡುತ್ತದೆ. 3 ಇದ್ದರೆ ಒಮ್ಮೆ ಹಾರಿಸುತ್ತದೆ, ಹಿಂದಕ್ಕೆ ಸರಿಸಿದರೆ ನೋಡಲು ಬಿಡುತ್ತದೆ. ಕಾಮ್‌ಸ್ಕಿಪ್ ತಾನಾಗಿ 0 ಬರೆಯುತ್ತದೆ, ಅದರ ಸೆಟ್ಟಿಂಗ್ ಇರುವ ಐಎನ್‌ಐ ಫೈಲಿನಲ್ಲಿ 'ಇಡಿಎಲ್ ಸ್ಕಿಪ್ ಫೀಲ್ಡ್' ಅನ್ನು 3 ಮಾಡಿ. ಇಡಿಎಲ್ ಹೆಸರು ವಿಡಿಯೊದ ಹೆಸರೇ ಆಗಿರಬೇಕು. ಒಂದರ ಹೆಸರು ಬದಲಿಸಿ ಇನ್ನೊಂದನ್ನು ಮರೆತರೆ ಹಾರಿಕೆ ನಿಂತುಹೋಗುತ್ತದೆ. ಜಾಗ ಉಳಿಸಲೆಂದು ಕತ್ತರಿಸುವುದರಲ್ಲಿ ಅರ್ಥವಿಲ್ಲ: ಸೆಕೆಂಡಿಗೆ 3 ಮೆಗಾಬಿಟ್‌ನ ವಾಹಿನಿಗೆ ಗಂಟೆಗೆ ಸುಮಾರು 1.35 ಜಿಬಿ ಸಾಕು.

ಇನ್ನು ಗುರುತು ತಪ್ಪುವುದು ಯಾಕೆ? ಸಿದ್ಧ ಐಎನ್‌ಐ ಫೈಲುಗಳು ಬಹುಮಟ್ಟಿಗೆ ಅಮೆರಿಕದ ಪ್ರಸಾರ ನೋಡಿ ಮಾಡಿದವು. ಅಲ್ಲಿ ಕಾರ್ಯಕ್ರಮಕ್ಕೂ ಜಾಹೀರಾತಿಗೂ ನಡುವೆ ಕಪ್ಪು ಫ್ರೇಮ್ ಬರುವುದು ರೂಢಿ. ನಮ್ಮ ಎಷ್ಟೋ ವಾಹಿನಿಗಳಲ್ಲಿ ದೃಶ್ಯ ನೇರವಾಗಿ ಜಿಗಿಯುತ್ತದೆ. ಆದರೆ ಧಾರಾವಾಹಿಯ ಒಳಗೇ ರಾತ್ರಿಯ ದೃಶ್ಯಕ್ಕೆ ಮುಂಚೆ ಕಪ್ಪು ಬರುತ್ತದೆ, ಯಂತ್ರ ಅಲ್ಲಿ ಮೋಸ ಹೋಗುತ್ತದೆ. ಯಾವ ಸುಳಿವುಗಳಿಂದ ಜಾಹೀರಾತು ಹಿಡಿಯಬೇಕು ಎಂದು ಹೇಳುವ ಐಎನ್‌ಐ ಸೆಟ್ಟಿಂಗ್ 'ಡಿಟೆಕ್ಟ್ ಮೆಥಡ್', ಅದು ಅಂಕಿ ಕೂಡಿಸಿ ಬರೆಯುವಂಥದ್ದು: ಕಪ್ಪು ಫ್ರೇಮ್ 1, ಲೋಗೊ 2, ದೃಶ್ಯ ಬದಲಾವಣೆ 4, ಚಿತ್ರದ ಆಕಾರ 32, ಮೌನ 64. ಇಲ್ಲಿ ಹೇಳದ ಉಳಿದವನ್ನೂ ಸೇರಿಸಿ ಎಲ್ಲವನ್ನೂ ಹಾಕಿ 255 ಮಾಡಿದರೆ ಚೆನ್ನಾಗಿ ಹಿಡಿಯುತ್ತದೆ ಎಂಬುದು ಭ್ರಮೆ. ಜಾಹೀರಾತು ಬಂದಾಗ ಲೋಗೊ ತೆಗೆಯುವ ವಾಹಿನಿಗೆ 67ರಿಂದ (1+2+64) ಶುರು ಮಾಡಿ. ಲೋಗೊ ಸದಾ ಇರುವ ವಾಹಿನಿಗೆ ಲೋಗೊದ 2 ಕೂಡಿಸಬೇಡಿ. ಕಲಬುರಗಿಯ ಮನೆಯಲ್ಲಿ ಕನ್ನಡದ ಜೊತೆಗೆ ಹಿಂದಿ, ತೆಲುಗು, ಮರಾಠಿ ವಾಹಿನಿಗಳೂ ಓಡುತ್ತವೆ, ಹಾಗಾಗಿ ವಾಹಿನಿಗೊಂದು ಐಎನ್‌ಐ ಬೇಕೇಬೇಕು.

ಸುದ್ದಿ ವಾಹಿನಿಯಲ್ಲಿ ಕೆಳಗೆ ಓಡುವ ಪಟ್ಟಿಯ ಅಂಚನ್ನೇ ಲೋಗೊ ಎಂದುಕೊಳ್ಳುವುದುಂಟು. ಐಎನ್‌ಐಯಲ್ಲಿ 'ಟಿಕರ್ ಟೇಪ್' ಸೆಟ್ಟಿಂಗಿಗೆ ಆ ಪಟ್ಟಿಯ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ಕೊಟ್ಟರೆ ಕೆಳಭಾಗವನ್ನು ನೋಡುವುದೇ ಇಲ್ಲ. ಕ್ರಿಕೆಟ್‌ಗೆ ಸ್ಕಿಪ್ ಆಫ್ ಮಾಡಿಬಿಡಿ. ಓವರ್ ನಡುವಿನ ಚಿಕ್ಕ ಜಾಹೀರಾತಿಗೋಸ್ಕರ ವಿಕೆಟ್ ಕಳೆದುಕೊಳ್ಳುವುದು ಯಾರಿಗೂ ಬೇಡ.

ಮಳೆಗಾಲದ ತೊಂದರೆಯೇ ಬೇರೆ. ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ಇಲ್ಲಿಂದ ಡಿಶ್ ಆಗ್ನೇಯಕ್ಕೆ, ಸುಮಾರು 62 ಡಿಗ್ರಿ ಎತ್ತರಕ್ಕೆ ನೋಡುತ್ತದೆ. ಆ ದಿಕ್ಕಿಗೆ ದಟ್ಟ ಮೋಡ ಕವಿದು ಸಿಗ್ನಲ್ ಕಡಿದುಹೋದರೆ ಫೈಲಿನೊಳಗಿನ ಸಮಯದ ಗುರುತು ಜಿಗಿಯುತ್ತದೆ. ಕಾಮ್‌ಸ್ಕಿಪ್ ಎಣಿಸಿದ ಸೆಕೆಂಡೂ ಕೋಡಿ ಎಣಿಸುವ ಸೆಕೆಂಡೂ ಬೇರೆಯಾಗಿ, ಅಲ್ಲಿಂದ ಮುಂದಿನ ಹಾರಿಕೆಗಳೆಲ್ಲ ಒಂದೇ ಅಂತರದಲ್ಲಿ ತಪ್ಪುತ್ತವೆ. ಮೊದಲೆರಡು ಸರಿಯಿದ್ದು ಆಮೇಲೆ ತಪ್ಪಿದರೆ ಸೆಟ್ಟಿಂಗ್ ಮುಟ್ಟಬೇಡಿ, ಕೇಬಲ್ ಮತ್ತು ಎಲ್‌ಎನ್‌ಬಿ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಕನೆಕ್ಟರ್ ನೋಡಿ. ಕರೆಂಟ್ ಹೋಗಿ ರೆಕಾರ್ಡಿಂಗ್ ಎರಡು ಫೈಲಾದರೆ ಎರಡಕ್ಕೂ ಬೇರೆ ಬೇರೆ ಇಡಿಎಲ್ ಬೇಕು. ಕಂಪ್ಯೂಟರಿಗೊಂದು ಯುಪಿಎಸ್ ಹಾಕಿಸುವುದೇ ಒಳ್ಳೆಯದು. ಕಾಮ್‌ಸ್ಕಿಪ್ ಪ್ರೊಸೆಸರನ್ನು ಜೋರಾಗಿ ಓಡಿಸುತ್ತದೆ, ಮೇ ತಿಂಗಳಲ್ಲಿ ಅದನ್ನು ಬೆಳಗಿನ ಜಾವಕ್ಕೆ ಇಡಿ.

ಮನೆಯವರಿಗೆ ಒಪ್ಪಿಸುವ ಮುನ್ನ ಪ್ರತಿ ವಾಹಿನಿಯ ಒಂದು ಇಡಿಎಲ್ ತೆರೆದು ಗುರುತಾದ ಅವಧಿಗಳನ್ನು ಕೂಡಿಸಿ. ಜಾಹೀರಾತಿಗೆ ನಿಯಮದ ಮಿತಿ ಗಂಟೆಗೆ 12 ನಿಮಿಷ, ಅದರಲ್ಲಿ 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಕೆಲವು ವಾಹಿನಿಗಳು ಮೀರುತ್ತವೆ, ಆದರೂ ಅರ್ಧ ಗಂಟೆಯ ಧಾರಾವಾಹಿಯಲ್ಲಿ 12 ನಿಮಿಷ ಗುರುತಾಗಿದ್ದರೆ ಕಥೆಯೂ ಅದರಲ್ಲಿ ಸೇರಿದೆಯೇ ಎಂದು ಪ್ರತಿ ಗುರುತಿನ ಎರಡೂ ತುದಿಗಳನ್ನು ಹಾಕಿ ನೋಡಿ.