ಮೇಲಿನವರ ಮೇಲ್ ಹಾಗೇ ಕಾಪಿ ಪೇಸ್ಟ್ ಮಾಡಿ ಬೆಳಗ್ಗೆ ಬೆಳಗ್ಗೆ ಬೈಸ್ಕೊಂಡಿದ್ದು

ನಾನು ಶಿವಮೊಗ್ಗದಲ್ಲಿ ಕೂತ್ಕೊಂಡು ಚಿಕ್ಕದಾಗಿ ಹೋಸ್ಟಿಂಗ್, ಅಂದ್ರೆ ವೆಬ್‌ಸೈಟ್ ಇಡೋ ಜಾಗ, ರೀಸೆಲ್ ಮಾಡ್ತೀನಿ. ಸರ್ವರ್ ನಂದಲ್ಲ. ದೊಡ್ಡ ಕಂಪನಿ ಹತ್ರ ರೀಸೆಲ್ಲರ್ ಪ್ಯಾಕೇಜ್ ತಗೊಂಡು ಡಬ್ಲ್ಯೂಎಚ್‌ಎಂ ಅನ್ನೋ ಕಂಟ್ರೋಲ್ ಪ್ಯಾನೆಲ್ ಒಳಗೆ ಒಬ್ಬೊಬ್ಬರಿಗೆ ಒಂದೊಂದು ಸಿಪ್ಯಾನೆಲ್ ಅಕೌಂಟ್ (ಅವರವರ ಸೈಟ್ ನೋಡ್ಕೊಳ್ಳೋ ಪ್ಯಾನೆಲ್) ಮಾಡಿ ನನ್ನ ಹೆಸರಲ್ಲಿ ಬಿಲ್ ಹಾಕೋದು, ಅಷ್ಟೇ. ಅಡಿಕೆ ಮಂಡಿ, ಪ್ರಿಂಟಿಂಗ್ ಪ್ರೆಸ್, ಒಂದೆರಡು ಶಾಲೆ, ತೀರ್ಥಹಳ್ಳಿ ಸಾಗರ ಕಡೆ ಹೋಂಸ್ಟೇಗಳು, ಎಲ್ಲಾ ಸೇರಿ ಅರವತ್ತು ಚಿಲ್ಲರೆ ಸೈಟ್. ಇವರ‍್ಯಾರಿಗೂ ಮೇಲೆ ಇನ್ನೊಬ್ಬ ಇದಾನೆ ಅಂತ ಗೊತ್ತಿಲ್ಲ, ಗೊತ್ತಿರಬೇಕಾಗೂ ಇಲ್ಲ ಅಂದ್ಕೊಂಡಿದ್ದೆ.

ಒಂದಿನ ಮೇಲಿನವರಿಂದ, ಅಂದ್ರೆ ಆ ದೊಡ್ಡ ಕಂಪನಿಯಿಂದ, ಮೇಲ್ ಬಂತು. ಅಮೆರಿಕದಲ್ಲಿದ್ದ ನಮ್ಮ ಅಕೌಂಟ್‌ಗಳನ್ನೆಲ್ಲ ಮುಂಬೈ ಡೇಟಾ ಸೆಂಟರ್‌ಗೆ ತರ್ತೀವಿ, ಹಳೇ ಡಿಸ್ಕ್ ತೆಗೆದು ಎನ್‌ವಿಎಂಇ ಅನ್ನೋ ವೇಗದ ಡಿಸ್ಕ್ ಹಾಕ್ತೀವಿ, ಐಪಿ (ಸರ್ವರ್‌ನ ನಂಬರ್ ವಿಳಾಸ) ಬದಲಾಗುತ್ತೆ, ಇಂಥ ತಾರೀಖು 02:00 ಗಂಟೆಗೆ ಮೇಂಟೆನೆನ್ಸ್ ಅಂತ. ನಾನು ಓದಿದ್ದು ಮುಂಬೈ ಮತ್ತೆ ಎನ್‌ವಿಎಂಇ ಎರಡೇ ಪದ. ಖುಷಿ ಆಗೋಯ್ತು, ಯಾಕಂದ್ರೆ ಸೈಟ್ ಸ್ಲೋ ಅಂತ ಕಂಪ್ಲೇಂಟ್ ಕೇಳಿ ಕೇಳಿ ಸಾಕಾಗಿತ್ತು. ಐದು ನಿಮಿಷದಲ್ಲಿ ವಾಟ್ಸಾಪ್ ಸ್ಟೇಟಸ್ ರೆಡಿ: "ನಮ್ಮ ಸರ್ವರ್ ಈಗ ಭಾರತದಲ್ಲೇ! ಹತ್ತು ಪಟ್ಟು ವೇಗ! ರಾತ್ರಿ 2ಕ್ಕೆ ಚಿಕ್ಕ ಅಪ್‌ಗ್ರೇಡ್, ನಿಮಗೆ ಏನೂ ತೊಂದರೆ ಇಲ್ಲ." ರಾಕೆಟ್ ಚಿತ್ರ ಬೇರೆ ಹಾಕಿದ್ದೆ. ಹತ್ತು ಪಟ್ಟು ಅನ್ನೋದು ಎಲ್ಲಿಂದ ಬಂತು ಅಂತ ಕೇಳ್ಬೇಡಿ, ನನ್ನ ತಲೆಯಿಂದ.

02:00 ಅಂತಿತ್ತಲ್ಲ, ಅದರ ಪಕ್ಕ ಯುಟಿಸಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಅಳತೆಯ ಟೈಮ್, ಅಂತ ಸಣ್ಣಕ್ಷರದಲ್ಲಿತ್ತು. ನಮ್ಮ ಟೈಮ್‌ ಸಿಗೋಕೆ ಅದಕ್ಕೆ ಐದೂವರೆ ಗಂಟೆ ಕೂಡಿಸ್ಬೇಕು, ಅಂದ್ರೆ ಬೆಳಗ್ಗೆ ಏಳೂವರೆ. ರಾತ್ರಿ ಎರಡರವರೆಗೆ ಎದ್ದು ಕಾದೆ, ಏನೂ ಆಗ್ಲಿಲ್ಲ, ಎಲ್ಲಾ ಸುಸೂತ್ರ ಮುಗೀತು ಅಂತ ನಾನೇ ತೀರ್ಮಾನ ಮಾಡಿ ಮಲ್ಕೊಂಡೆ. ಏಳು ನಲವತ್ತಕ್ಕೆ ಫೋನ್, ಅಡಿಕೆ ಮಂಡಿ ಸಾಹುಕಾರ್ರು. "ಏನ್ರೀ, ರಾತ್ರಿ ಅಂದಿದ್ರಿ, ಈಗ ಸೈಟೇ ಬರ್ತಿಲ್ವಲ್ರೀ, ರೈತರು ರೇಟ್ ಕೇಳ್ತಿದಾರೆ." ಅವರು ಹಿಂದಿನ ದಿನದ ರಾಶಿ, ಬೆಟ್ಟೆ ಅಡಿಕೆ ದರ ಬೆಳಗ್ಗೆ ಎಂಟರೊಳಗೆ ಸೈಟಿಗೆ ಹಾಕೋದು ರೂಢಿ. ನಿದ್ದೆಗಣ್ಣಲ್ಲಿ ನಾನು "ಸರ್ ಅದು ಯುಟಿಸಿ" ಅಂದೆ. ಅವರು "ಅದ್ಯಾವ ಬ್ಯಾಂಕ್ ರೀ" ಅಂದ್ರು.

ಒಂಬತ್ತೂವರೆಗೆ ಸರ್ವರ್ ಎದ್ದಿತು. ಆದ್ರೆ ಅಸಲಿ ಗಲಾಟೆ ಶುರುವಾಗಿದ್ದೇ ಆಮೇಲೆ. ಸೈಟ್ ಹೆಸರು ಯಾವ ಐಪಿಗೆ ಹೋಗ್ಬೇಕು ಅಂತ ಹೇಳೋದು ಡಿಎನ್‌ಎಸ್. ಅದಕ್ಕೆ ನಮ್ಮ ನೇಮ್‌ಸರ್ವರ್ ಬಳಸೋರಿಗೆ ತೊಂದರೆ ಆಗ್ಲಿಲ್ಲ, ಅಲ್ಲಿ ಹೊಸ ಐಪಿ ತಾನೇ ಬಂದಿತ್ತು. ಆದ್ರೆ ಹದಿನಾಲ್ಕು ಜನರ ಡಿಎನ್‌ಎಸ್ ಬೇರೆ ಕಡೆ ಇತ್ತು, ಕೆಲವರದು ಡೊಮೇನ್ ತಗೊಂಡ ಕಡೆನೇ, ಕೆಲವರದು ಕ್ಲೌಡ್‌ಫ್ಲೇರ್ ಅನ್ನೋ ಕಂಪನಿಯಲ್ಲಿ. ಅವರ ಎ ರೆಕಾರ್ಡ್ (ಡಿಎನ್‌ಎಸ್‌ನಲ್ಲಿ ಐಪಿ ಬರೆದಿರೋ ಸಾಲು) ಹಳೇ ಐಪಿಗೇ ಕೈ ತೋರಿಸ್ತಾ ನಿಂತಿತ್ತು. ಅದರಲ್ಲಿ ಅರ್ಧ ಜನಕ್ಕೆ ಪಾಸ್‌ವರ್ಡ್ ಯಾರ ಹತ್ರ ಇದೆ ಅಂತಾನೇ ಗೊತ್ತಿಲ್ಲ, ಸೈಟ್ ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋಗಿ ಮೂರು ವರ್ಷ ಆಯ್ತು ಅಂತಾರೆ. ಆ ಸಾಲನ್ನ ಬೇರೆಯವರು ಎಷ್ಟು ಹೊತ್ತು ನೆನಪಿಟ್ಕೋಬಹುದು ಅನ್ನೋ ಟಿಟಿಎಲ್ ಬೇರೆ 14400 ಸೆಕೆಂಡ್ ಇತ್ತು, ಅಂದ್ರೆ ಬದಲಾಯಿಸಿದ ಮೇಲೂ ಕೆಲವರಿಗೆ ನಾಲ್ಕು ಗಂಟೆ ತನಕ ಹಳೇದೇ ಕಾಣ್ಬಹುದು. ಹಿಂದಿನ ದಿನವೇ 300ಕ್ಕೆ ಇಳಿಸಿ ಅಂತ ಒಂದು ಮಾತು ಹೇಳಿದ್ರೆ ಐದು ನಿಮಿಷದಲ್ಲಿ ಮುಗಿಯೋ ಕೆಲಸ.

ಶಾಲೆಯದ್ದು ಇನ್ನೊಂದು ಕಥೆ. ಸೈಟ್ ಚೆನ್ನಾಗೇ ಓಪನ್ ಆಗ್ತಿದೆ, ಫೀಸ್ ಕಟ್ಟೋಕೆ ಹೋದ್ರೆ ಒಟಿಪಿ ಬರಲ್ಲ. ಒಂದೂವರೆ ದಿನ ಕೋಡ್ ಎಲ್ಲಾ ಜಾಲಾಡಿದ್ವಿ. ಕೊನೆಗೆ ನೋಡಿದ್ರೆ ಎಸ್‌ಎಂಎಸ್ ಕಂಪನಿಯವರು ನಮ್ಮ ಹಳೇ ಸರ್ವರ್ ಐಪಿನ ಮಾತ್ರ ಒಳಗೆ ಬಿಡೋ ಹಾಗೆ ವೈಟ್‌ಲಿಸ್ಟ್ ಮಾಡಿಟ್ಟಿದ್ರು, ಹೊಸ ಐಪಿಯಿಂದ ಬಂದ ರಿಕ್ವೆಸ್ಟ್‌ನ ಸುಮ್ನೆ ತಳ್ಳಿ ಹಾಕ್ತಿದ್ರು. ಹೋಂಸ್ಟೇ ಒಂದರ ಎಸ್‌ಪಿಎಫ್ ರೆಕಾರ್ಡ್‌ನಲ್ಲೂ (ಇವರ ಹೆಸರಲ್ಲಿ ಮೇಲ್ ಕಳಿಸೋಕೆ ಯಾವ ಸರ್ವರ್‌ಗೆ ಅನುಮತಿ ಅಂತ ಹೇಳೋ ಸಾಲು) ಹಳೇ ಐಪಿ ಇತ್ತು, ಬುಕಿಂಗ್ ಕನ್ಫರ್ಮೇಶನ್ ಎಲ್ಲಾ ಗೆಸ್ಟ್‌ಗಳ ಸ್ಪ್ಯಾಮ್‌ಗೆ ಹೋಗಿ ಬಿದ್ದಿತ್ತು, ಅದು ಗೊತ್ತಾಗಿದ್ದು ಒಂದು ವಾರದ ಮೇಲೆ. ಇನ್ನು ಪ್ರೆಸ್‌ನವರ ಸೈಟ್ ಬರೀ ಬಿಳಿ ಹಾಳೆ. ಹೊಸ ಸರ್ವರ್‌ನಲ್ಲಿ ಡೀಫಾಲ್ಟ್ ಪಿಎಚ್‌ಪಿ (ಸೈಟ್ ಬರೆಯೋ ಪ್ರೋಗ್ರಾಮಿಂಗ್ ಭಾಷೆ) 8.1, ಇವರದು ಓಬೀರಾಯನ ಕಾಲದ ಕೋಡ್, ಅದರಲ್ಲಿದ್ದ ಡೇಟಾಬೇಸ್ ಓದೋ ಹಳೇ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನ 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಲ್ಲೇ ಕಿತ್ತು ಹಾಕಿದ್ರು. ಸದ್ಯಕ್ಕೆ 5.6ಕ್ಕೆ ಇಳಿಸಿ ಜೀವ ಉಳಿಸ್ದೆ, ಅದಕ್ಕೆ ಸೆಕ್ಯುರಿಟಿ ಪ್ಯಾಚ್ ಬರೋದು 2018ರ ಕೊನೆಗೇ ನಿಂತಿದೆ ಅಂತ ಅವರಿಗೆ ಹೇಳಿ ಬರವಣಿಗೇಲಿ ಒಪ್ಪಿಗೆ ತಗೊಂಡೆ.

ಇದೆಲ್ಲ ಮೇಲಿನವರ ಮೇಲ್‌ನಲ್ಲಿ ಇರ್ಲಿಲ್ವಾ ಅಂದ್ರೆ, ಇತ್ತು. ಐಪಿ ಬದಲಾಗುತ್ತೆ ಅನ್ನೋ ಒಂದೇ ಸಾಲಲ್ಲಿ ಇಷ್ಟೂ ಇತ್ತು. ಆ ಸಾಲು ಬರೆದಿದ್ದು ನನಗೆ, ಅದನ್ನ ಬಿಡಿಸಿ ಮಂಡಿಯವರಿಗೊಂದು ಥರ ಶಾಲೆಯವರಿಗೊಂದು ಥರ ಹೇಳೋದಕ್ಕೇ ಅವರು ನನಗೆ ವರ್ಷ ವರ್ಷ ದುಡ್ಡು ಕೊಡೋದು. ನಾನು ಮಾಡಿದ್ದು ಮೇಲಿನವರ ಜಾಹೀರಾತನ್ನ ನಮ್ಮದು ಅಂತ ತೋರಿಸ್ಕೊಂಡಿದ್ದು. ನಮ್ಮ ಸರ್ವರ್ ಅಂತ ಮೆರೆದ ಮೇಲೆ, ಕೆಟ್ಟಾಗ ಅದು ಮೇಲಿನವರದು ಅನ್ನೋಕೆ ಬಾಯಿ ಹೇಗೆ ಬರುತ್ತೆ?

ಹಾಗಂತ ಮೇಲಿನವರ ಹೆಸರು ಡಂಗುರ ಸಾರ್ಬೇಕು ಅಂತಲ್ಲ. ವೈಟ್‌ಲೇಬಲ್, ಅಂದ್ರೆ ಬೇರೆಯವರ ಸೇವೆನ ನಮ್ಮ ಹೆಸರಲ್ಲಿ ಮಾರೋದು, ತಪ್ಪೇನಲ್ಲ, ಆದ್ರೆ "ನಮ್ಮ ಡೇಟಾ ಸೆಂಟರ್" ಅಂತ ಬರೆಯೋದು ಬಿಟ್ಟೆ, "ನಾವು ಬಾಡಿಗೆಗೆ ತಗೊಂಡಿರೋ ಸರ್ವರ್" ಅಂತ ಬರೀತೀನಿ. ಒಬ್ಬರೂ ಅದಕ್ಕೆ ಬಿಟ್ಟು ಹೋಗಿಲ್ಲ. 2019ರಲ್ಲಿ ಸಿಪ್ಯಾನೆಲ್‌ನವರು ಅಕೌಂಟ್ ಲೆಕ್ಕದಲ್ಲಿ ರೇಟ್ ಮಾಡಿದಾಗ ನಾನು ಅದನ್ನ "ಪ್ಲಾನ್ ಪರಿಷ್ಕರಣೆ" ಅಂತ ಮರೆಮಾಚಿ ಕಳಿಸಿದ್ದೆ, ಆಗ ಮಾತ್ರ ಮೂರು ಜನ ಬಿಟ್ಟು ಹೋಗಿದ್ರು. ಜಾಗ ಯಾವುದು ಅಂತ ಹೇಳೋದೂ ಮುಖ್ಯ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಅನ್ನೋ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ ಸೈಟೂ ಬ್ಯಾಕಪ್ಪೂ ಅಲ್ಲೇ ಇಟ್ಟಿದ್ದವರು ಎರಡನ್ನೂ ಕಳ್ಕೊಂಡ್ರು. ಬ್ಯಾಕಪ್ ಯಾವ ಊರಲ್ಲಿದೆ ಅಂತ ಈಗ ಬಿಲ್ ಮೇಲೇ ಬರೀತೀನಿ.

ಈಗ ಮೇಲಿಂದ ಮೇಲ್ ಬಂದ್ರೆ ಮೊದಲು ಎಕ್ಸೆಲ್ ಶೀಟ್ ತೆಗೀತೀನಿ. ಯಾರ ಡಿಎನ್‌ಎಸ್ ಎಲ್ಲಿದೆ, ಯಾರು ಎಲ್ಲೆಲ್ಲಿ ಐಪಿ ಕೊಟ್ಟಿದಾರೆ, ಪಿಎಚ್‌ಪಿ ಯಾವುದು, ಫೋನ್ ಎತ್ತೋರು ಯಾರು. ಏನೂ ಮಾಡ್ಬೇಕಿಲ್ಲದವರಿಗೆ ಎರಡೇ ಸಾಲು. ಶಾಲೆಯವರಿಗೆ ಹೋದ ಸಲ ಕಳಿಸಿದ್ದು ಹೀಗಿತ್ತು: "ಮೇಡಂ, ಭಾನುವಾರ ರಾತ್ರಿ 11:30ರಿಂದ 1:30ರವರೆಗೆ ಸೈಟ್ ಬರಲ್ಲ. ಸೋಮವಾರ ನಿಮ್ಮ ಸರ್ವರ್ ಐಪಿ ಹೊಸದು. ಕೆಳಗಿರೋ ನಂಬರ್‌ನ ಶನಿವಾರದೊಳಗೆ ಎಸ್‌ಎಂಎಸ್ ಕಂಪನಿಗೆ ಕೊಡಿ, ಹಳೇದನ್ನ ತೆಗೆಸ್ಬೇಡಿ. ಕೊಟ್ಟ ಮೇಲೆ ನನಗೊಂದು ಮೆಸೇಜ್ ಹಾಕಿ." ವೇಗ, ಎನ್‌ವಿಎಂಇ ಯಾವುದರ ಸುದ್ದಿನೂ ಇಲ್ಲ. ಶುಕ್ರವಾರ ಸಂಜೆನೇ "ಕೊಟ್ಟಾಯ್ತು ಸರ್" ಅಂತ ಬಂತು.

ಮಂಡಿ ಸಾಹುಕಾರ್ರಿಗೂ ಅವತ್ತೇ ಕಳಿಸಿದ್ದೆ, ಭಾನುವಾರ ರಾತ್ರಿ ಹನ್ನೊಂದೂವರೆ ಅಂತ ಅಕ್ಷರದಲ್ಲೇ ಬರೆದು. ಹತ್ತು ನಿಮಿಷ ಬಿಟ್ಟು ರಿಪ್ಲೈ ಬಂತು: "ನಮ್ಮ ರಾತ್ರಿನಾ, ಅವರ ರಾತ್ರಿನಾ?"